ಮೊಳದಾಳದ ಕೇಬಲ್

ಪಿಕಾಸಿ ಮಣ್ಣಿಗೆ ಬಿದ್ದ ಸದ್ದು ಈ ಸಲ ಬೇರೆ ಥರ ಬಂತು. ಮಸಣದಲ್ಲಿ ಗುಂಡಿ ತೋಡುತ್ತಿದ್ದ ಮುದ್ದಯ್ಯ ಬಗ್ಗಿ ಕೈಯಿಂದ ಮಣ್ಣು ಸರಿಸಿದ. ಇನ್ನೂ ಮೊಳದಷ್ಟೂ ಅಗೆದಿರಲಿಲ್ಲ, ಗುಂಡಿಗೆ ಅಡ್ಡಲಾಗಿ ಕಪ್ಪು ಪ್ಲಾಸ್ಟಿಕ್ ಪೈಪು ಮಲಗಿತ್ತು. ಪಿಕಾಸಿಯ ಮೂತಿ ಅದರ ಮೇಲೆ ಒಂದು ಕಚ್ಚು ಮಾಡಿತ್ತು.

'ಏ ಶಿವರಾಮು, ಬಾಲಾ ಇಲ್ಲಿ. ನೀರಿನ್ ಪೈಪಾ ಇದು?'

ಶಿವರಾಮು ಟೆಲಿಫೋನ್ ಇಲಾಖೆಯ ಲೈನ್‌ಮನ್. ಸತ್ತ ಚಿಕ್ಕಮಾದುವೂ ಅದೇ ಗುಂಡ್ಲುಪೇಟೆ ಎಕ್ಸ್‌ಚೇಂಜಿನವನೇ. ಇಬ್ಬರೂ ಒಂದೇ ಏಣಿ ಹೊತ್ತು ಹದಿನೈದು ವರ್ಷ ತಿರುಗಿದವರು. ಗುಂಡಿಗೆ ಇಣುಕಿದ ಶಿವರಾಮುವಿನ ಮುಖ ಬಾಡಿತು.

'ಮುಟ್ಬೇಡ ಮಾವ. ನಮ್ ಡಿಪಾರ್ಟ್‌ಮೆಂಟ್‌ದು. ಗಾಜಿನ್ ಕೇಬಲ್ಲು.'

'ಸತ್ತೋರ್ ಜಾಗ್ವನ್ನೂ ಬುಡ್ನಿಲ್ವಾ ನೀವು?'

ಶಿವರಾಮು ಊಟಿ ರಸ್ತೆ ದಾಟಿ ಓಡಿ, ಎದುರಿನ ಬೂತಿನಿಂದ ಚಾಮರಾಜನಗರದ ಸಾಹೇಬರಿಗೆ ಫೋನು ಮಾಡಿದ. ಸ್ನೇಹ ದೊಡ್ಡದೋ ನೌಕರಿ ದೊಡ್ಡದೋ ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಕೇಳುವ ಮೊದಲೇ ಹೇಳಿಬಿಟ್ಟ. ಸಾಹೇಬರು ತಾವು ಬರುವ ತನಕ ಒಂದು ಹಿಡಿ ಮಣ್ಣೂ ಎತ್ತಕೂಡದು ಎಂದರು.

ಹೀಗಾಗಿ ಹೆಣ ಬಿಸಿಲೇರಿದರೂ ಕೇರಿಯಲ್ಲೇ ಕಾಯಬೇಕಾಯಿತು. ತಮಟೆಯವರು ಆಗಲೇ ಕುಡಿದು ಗೋಡೆಗೆ ಒರಗಿದ್ದರು. ಹೂವಿನ ಹಾರ ತಂದ ಯೂನಿಯನ್ನಿನವನು ಅದನ್ನು ಹಾಕುವ ಫೋಟೋ ತೆಗೆಯುವವರು ಯಾರೂ ಇಲ್ಲವೆಂದು ಮುನಿಸಿಕೊಂಡು ಕೂತಿದ್ದ. ನೊಣ ಓಡಿಸುತ್ತಿದ್ದವಳು ಹೆಂಡತಿ ಸಣ್ಣತಾಯಮ್ಮ ಒಬ್ಬಳೇ. ಉಳಿದವರಿಗೆ ಬಾಯಿಗೆ ಕೆಲಸವಿತ್ತು.

'ಗಾಜು ಒಟ್ಟೆಗೋಗಿ ಸತ್ತ ಕಣಕ್ಕ' ಎಂದಳು ಪಕ್ಕದ ಮನೆಯ ಮಂಚಮ್ಮ. 'ಆ ಕೇಬಲ್ಲಿನ್ ಚೂರು ಕರುಳಿಗೆ ಸೇರ್ಕಂಬುಟ್ಟದೆ.'

'ಕಾಮಾಲೆ ಅಂತ ಡಾಕ್ಟ್ರೇ ಅಂದವ್ರೆ. ಬಾಯ್ಮುಚ್ಕಂಡು ಕೂತ್ಕೊ' ಎಂದಳು ಸಣ್ಣತಾಯಮ್ಮ, ತಲೆ ಎತ್ತದೆ.

ಸ್ವಲ್ಪ ಹೊತ್ತಿಗೆ ಮುದ್ದಯ್ಯ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. 'ಬೇರೆ ಕಡೆ ತೋಡನಾ ಅಂತ ಕೇಳ್ತಾವ್ರೆ ಕಣವ್ವ.'

'ಆಗಕಿಲ್ಲ ಮಾವ. ಕೂಸಿನ್ ಪಕ್ಕದಲ್ಲೇ ಮಡಗು ಅಂತ ನೆನ್ನೆ ನನ್ ಕೈ ಇಡ್ದು ಕೇಳವ್ರೆ. ಅದೊಂದೇ ಕೇಳಿದ್ದು ಅವ್ರು, ಈ ಜನ್ಮದಲ್ಲಿ.'

*

ಗಾಜಿನ ಕೇಬಲ್ಲಿನ ಕೆಲಸ ಕಲಿಸಲು ಚಾಮರಾಜನಗರಕ್ಕೆ ಲೈನ್‌ಮನ್ನರನ್ನು ಕರೆಸಿದಾಗ ಪಾಠ ಹೇಳಿದವನು ಇದೇ ಸಾಹೇಬ, ಗಂಗಾಧರಸ್ವಾಮಿ. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಅದರ ಮೇಲಿನ ಬಣ್ಣದ ಸಿಪ್ಪೆ ಸುಲಿಯಬೇಕು, ಸ್ಪಿರಿಟ್ಟಿನಲ್ಲಿ ಒರೆಸಬೇಕು, ತುದಿಯನ್ನು ನೇರವಾಗಿ ತುಂಡರಿಸಬೇಕು. ಆಮೇಲೆ ಎರಡು ತುದಿಗಳನ್ನು ಯಂತ್ರದೊಳಗೆ ಎದುರುಬದುರು ಇಟ್ಟರೆ ಕಿಡಿ ಹಾರಿ ಬೆಸೆದುಕೊಳ್ಳುತ್ತಿತ್ತು. ಬೆಸುಗೆ ಹೇಗಿದೆ ಎಂದು ನೋಡಲು ಇನ್ನೊಂದು ಪೆಟ್ಟಿಗೆ. ಅದು ಎಳೆಯೊಳಕ್ಕೆ ಬೆಳಕು ಬಿಟ್ಟು, ಬೆಳಕು ಎಲ್ಲಿ ನಿಂತಿದೆ, ಎಲ್ಲಿ ಸೋರಿದೆ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು.

ಚಿಕ್ಕಮಾದು ಅಷ್ಟೂ ದಿನ ತಾಮ್ರದ ತಂತಿಯೊಂದಿಗೆ ಬಾಳಿದವನು. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ನೋಡಲು ಕಂಬದ ಮೇಲೆ ಲೈನ್‌ಮನ್ನರು ಮಾಡುವುದು ಒಂದೇ ಕೆಲಸ: ನಾಲಗೆಯ ತುದಿಗೆ ಮುಟ್ಟಿಸುವುದು. ಚುರ್ರೆಂದರೆ ಲೈನು ಜೀವಂತ. ಪಾಠದ ನಡುವೆ ಅವನ ಕೈಗೆ ಎಳೆ ಬಂದಾಗ, ಗೊತ್ತಿಲ್ಲದೇ ಅದನ್ನೂ ನಾಲಗೆಗೆ ಮುಟ್ಟಿಸಿಬಿಟ್ಟ.

ಚೂರು ನೆಟ್ಟುಕೊಂಡಿತು. ಗಂಗಾಧರಸ್ವಾಮಿ ಅವನನ್ನು ಎಲ್ಲರ ಮುಂದೆ ನಿಲ್ಲಿಸಿ, ಬಾಯಿ ತೆರೆಸಿ, ಚಿಮಟಿಗೆಯಿಂದ ಕಿತ್ತ. 'ನೆಕ್ಕೋಕೆ ಇದೇನು ಉಪ್ಪಿನಕಾಯೇನಯ್ಯ? ನಿಮ್ಮಂಥೋರಿಗೆ ಇದನ್ನೆಲ್ಲ ಕಲಿಸ್ತೀವಲ್ಲ, ನಮಗೆ ಬುದ್ಧಿ ಇಲ್ಲ.' ಎಲ್ಲರೂ ನಕ್ಕರು. ಶಿವರಾಮುವೂ ನಕ್ಕ. ನಂತರ ಚಿಮಟಿಗೆಯನ್ನು ಸ್ಪಿರಿಟ್ಟಿನಲ್ಲಿ ತೊಳೆದ ಸಾಹೇಬ, ತನ್ನ ಕೈಯನ್ನೂ ತೊಳೆದುಕೊಂಡ. ನಗುವಿಗಿಂತ ಆ ಕೈ ತೊಳೆದದ್ದೇ ಚಿಕ್ಕಮಾದುವಿನ ಎದೆಗೆ ನಾಟಿತು.

ಕೆಲಸ ಕಲಿತ. ಎಲ್ಲರಿಗಿಂತ ಚೆನ್ನಾಗಿ ಅಲ್ಲ, ಕೆಟ್ಟದಾಗಿಯೂ ಅಲ್ಲ. ಆದರೆ ಅಂದಿನಿಂದ ಅವನಿಗೆ ತನ್ನ ಕೈಯೇ ಹೇಸಿಗೆಯಾಯಿತು. ಎಷ್ಟು ಸೋಪು ಹಾಕಿ ಉಜ್ಜಿದರೂ ಎಲ್ಲೋ ಒಂದು ಕಾಣದ ಚೂರು ಉಳಿದಿದೆ ಎಂಬ ಗುಮಾನಿ. ಚಮಚದಲ್ಲಿ ಊಟ ಮಾಡತೊಡಗಿದ. 'ಸಾಯೇಬ ಆಗ್ಬುಟ್ಟ ಕಣ್ಲಾ' ಎಂದು ಕೇರಿ ಆಡಿಕೊಂಡಿತು. ಮಗಳು ಭವ್ಯ ಮಾತ್ರ ತಟ್ಟೆ ಹಿಡಿದು ಅವನ ತೊಡೆಗೆ ಬಂದು ಕೂರುತ್ತಿದ್ದಳು.

'ನೀನೇ ಉಣ್ಸಪ್ಪ.'

'ನಿಮ್ಮವ್ವನ ತಾವ ಓಗು ಕಣಮ್ಮಿ. ಅಪ್ಪನ್ ಕೈ ಬ್ಯಾಡ.'

ಮುಂದಿನ ವರ್ಷ ಜ್ವರ ಬಂದು ಆ ಹುಡುಗಿ ಹೋಯಿತು. ಅದರ ಬಾಯಿಗೆ ಅವನು ಕೈಯಾರೆ ಹಾಕಿದ್ದು ಮಸಣದಲ್ಲಿ, ಒಂದು ಚಿಟಿಕೆ ಅಕ್ಕಿ. ಅದಾಗಿ ಸ್ವಲ್ಪ ಕಾಲಕ್ಕೆ ಕೇಬಲ್ ಹಾಕುವ ಕಾಲುವೆ ಊಟಿ ರಸ್ತೆ ಹಿಡಿದು ಆ ಮಸಣಕ್ಕೇ ಬಂತು. ಕಾಲುವೆ ಎದೆಮಟ್ಟ ಆಳ ಇರಬೇಕೆಂದು ನಿಯಮ. ಆ ಭಾಗದ ಉಸ್ತುವಾರಿ ಚಿಕ್ಕಮಾದುವಿನದೇ.

*

ಹೆಣ ಮಸಣಕ್ಕೆ ಬಂದು ಹೊಂಗೆಮರದ ಕೆಳಗೆ ಇಳಿಯುವುದಕ್ಕೂ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಗಂಗಾಧರಸ್ವಾಮಿ ಕೈಯಲ್ಲಿ ಎಳನೀರು ಹಿಡಿದೇ ಇಳಿದ. ಚಟ್ಟದ ಕಡೆ ನೋಡಲಿಲ್ಲ, ನೇರ ಗುಂಡಿಗೆ ಹೋದ.

'ಎಕ್ಸ್‌ಚೇಂಜಲ್ಲಿ ಟೆಸ್ಟ್ ಮಾಡಿಸ್ಕೊಂಡೇ ಬಂದೆ. ಲೈನ್ ಕಟ್ಟಾಗಿಲ್ಲ, ಪುಣ್ಯ. ಇದನ್ನ ಮುಚ್ಚಿ, ಆ ಕಡೆ ಬೇರೆ ಗುಂಡಿ ತೆಗೀರಿ.'

'ಸಾ, ನಮ್ ಚಿಕ್ಕಮಾದು ಸಾ...' ಎಂದ ಶಿವರಾಮು.

'ಗೊತ್ತು. ಪಾಪ. ಬೇಗ ಮುಚ್ಚಿ.'

ಸಣ್ಣತಾಯಮ್ಮ ಎದ್ದು ಬಂದಳು. 'ಬ್ಯಾರೆ ಕಡೆ ಆಗಕಿಲ್ಲ ಸಾಮಿ. ನಮ್ ಕೂಸು ಇಲ್ಲವ್ಳೆ.'

ಗಂಗಾಧರಸ್ವಾಮಿ ಶಿವರಾಮುವಿನ ಕಡೆ ತಿರುಗಿದ. 'ಎದೆಮಟ್ಟ ಇರಬೇಕಾದ ಕೇಬಲ್ ಮೊಳದಾಳದಲ್ಲಿ ಯಾಕಯ್ಯ ಇದೆ? ಇದು ಅವನ ಸೆಕ್ಷನ್ ತಾನೇ? ಕಾಂಟ್ರಾಕ್ಟರ್ ಹತ್ರ ಎಷ್ಟು ತಿಂದಿದ್ದ?'

ಹೆಣ ಹತ್ತು ಹೆಜ್ಜೆ ಆಚೆ ಇತ್ತು. ಕಾಲುವೆ ಮುಚ್ಚುವ ದಿನ ಜೀಪಿನಿಂದ ಇಳಿಯದೆ, ಕಿಟಕಿಯಲ್ಲೇ ನೋಡಿ 'ಸರಿ ಇದೆ' ಎಂದು ಹೋಗಿದ್ದವನು ಈ ಸಾಹೇಬನೇ. ಶಿವರಾಮುವಿಗೆ ಅದು ಗೊತ್ತಿತ್ತು. ಅವನು ತನ್ನ ಚಪ್ಪಲಿ ನೋಡುತ್ತ ನಿಂತ. ಥೂ, ಇಂಥ ಬಾಳು.

'ತಿನ್ನಕೆ ಅವ್ರಿಗೆ ಕೈಯೇ ಬರ್ತಿರ್ನಿಲ್ಲ ಸಾಮಿ' ಎಂದಳು ಸಣ್ಣತಾಯಮ್ಮ. 'ಮೇಲಕ್ಕೆ ಆಕ್ಸಿದ್ದು ಅವ್ರೇ. ದಾರಿ ಬದಲಾಯ್ಸಿ ಅಂತ ನಿಮ್ ಕಾಲಿಗೆ ಬಿದ್ರು, ಮ್ಯಾಪಲ್ಲಿ ಇಂಗೇ ಅದೆ ಅಂದ್ರಿ ನೀವು. ಎದೆಮಟ್ಟ ತೋಡಿದ್ರೆ ಕೂಸು ಆಚಿಗೆ ಬರ್ತಿತ್ತು.'

'ಅದಕ್ಕೆ?' ಎಂದ ಗಂಗಾಧರಸ್ವಾಮಿ. ನಿಜವಾಗಿಯೂ ಅರ್ಥವಾಗದವನ ಹಾಗೆ ಕೇಳಿದ. 'ನೋಡಮ್ಮ, ಹಾರೆ, ಪಿಕಾಸಿ, ಸನಿಕೆ, ಒಂದು ಕಬ್ಬಿಣ ಈ ಪೈಪಿನ ಹತ್ರ ಬಂದರೆ ಎಲ್ಲರ ಮೇಲೂ ಪೊಲೀಸ್ ಕೇಸು.'

ಸಣ್ಣತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಗೆ ಇಳಿದಳು. 'ಕಬ್ಬಿಣ ಮುಟ್ಸಕಿಲ್ಲ ಬುಡಿ' ಎಂದು ಕೈಯಿಂದ ಮಣ್ಣು ಕೆರೆಯತೊಡಗಿದಳು.

ಹೆಂಗಸರು ಗುಂಡಿಗೆ ಇಳಿಯುವ ಪದ್ಧತಿ ಆ ಜನರಲ್ಲಿ ಇಲ್ಲ. ಬೇಡವೆನ್ನಲು ಬಾಯಿ ತೆರೆದ ಮುದ್ದಯ್ಯ, ಅವಳ ಉಗುರಿನ ರಕ್ತ ನೋಡಿ ತಾನೂ ಇಳಿದ. ಮಂಚಮ್ಮ ಇಳಿದಳು. ಅಮಲಿಳಿದ ತಮಟೆಯವರೂ ಬಂದರು. ಹಾರದವನು ಮಾತ್ರ ಹಾರ ಹಿಡಿದೇ ನಿಂತಿದ್ದ. ಪೈಪಿನ ಕೆಳಗೆ ಸೊಂಟಮಟ್ಟಕ್ಕೆ ಹೋದಾಗ ಸಣ್ಣತಾಯಮ್ಮನ ಬೆರಳಿಗೆ ಹಸಿರು ಬಳೆಯ ಚೂರು ಸಿಕ್ಕಿತು. ಅವಳು ಅದನ್ನು ಯಾರಿಗೂ ತೋರಿಸಲಿಲ್ಲ. ಇದ್ದಲ್ಲೇ ಇಟ್ಟು ಮಣ್ಣು ಮುಚ್ಚಿ ತಟ್ಟಿದಳು.

'ಈ ಮಗ್ಗುಲು ಸಾಕು ಮಾವ. ಆ ಮಗ್ಗುಲಿಗೆ ತೆಗೀರಿ.'

ಗುಂಡಿ ಸಿದ್ಧವಾಗುವ ಹೊತ್ತಿಗೆ ಹೊತ್ತು ಇಳಿದಿತ್ತು. ಕೆಳಗಿನ ಮಣ್ಣು ಹೋದ ಪೈಪು ಅಡ್ಡಲಾಗಿ ತೂಗಾಡುತ್ತಿತ್ತು. ಹೆಣ ಹೊತ್ತವರು ಇಳಿಯುವಾಗ ಒಬ್ಬನ ಭುಜ ತಗುಲಿ ಪೈಪು ಬಾಗಿತು.

'ಬಾಗಿಸ್ಬೇಡ್ರೋ! ಒಳಗೆ ಗಾಜು! ಹಿಡ್ಕೊಳ್ಳಿ ಯಾರಾದ್ರೂ!' ಎಂದು ಸಾಹೇಬ ಮೇಲಿನಿಂದ ಕೂಗಿದ.

ಒಂದು ಕಡೆ ಶಿವರಾಮು ಹಿಡಿದ. ಇನ್ನೊಂದು ಕಡೆಗೆ ಯಾರ ಕೈಯೂ ಖಾಲಿ ಇರಲಿಲ್ಲ. ಗಂಗಾಧರಸ್ವಾಮಿ ಕೈಲಿದ್ದ ಎರಡನೇ ಎಳನೀರು ಬಿಸಾಡಿ ಗುಂಡಿಗೆ ಧುಮುಕಿದ. ಪೈಪನ್ನು ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಎತ್ತಿ ಹಿಡಿದು ನಿಂತ.

ಅವನ ಕೈಗಳ ಕೆಳಗಿಂದ, ಅವನ ಹೊಟ್ಟೆಯ ಮೇಲಿನ ಅಂಗಿಗೆ ಉಜ್ಜಿಕೊಂಡು, ಚಿಕ್ಕಮಾದು ಮಗಳ ಪಕ್ಕಕ್ಕೆ ಇಳಿದ. ಜನ ಸಾಲಾಗಿ ಬಂದು ಬೊಗಸೆ ಬೊಗಸೆ ಮಣ್ಣು ಹಾಕಿದರು. ಸಾಹೇಬ ಪೈಪು ಬಿಡುವಂತಿರಲಿಲ್ಲ. ಮಣ್ಣು ಅವನ ಬೂಟು ಮುಚ್ಚಿತು, ಪ್ಯಾಂಟಿನ ಮಡಿಕೆ ಮುಚ್ಚಿತು, ಮೊಣಕಾಲಿಗೆ ಬಂತು. ಯಾರೂ ಅವನನ್ನು ಆಚೆಗೆ ಬನ್ನಿ ಎನ್ನಲಿಲ್ಲ.