ದುಂಡಮ್ಮ ಹಚ್ಚಿಕೊಂಡ ಮಿಸ್ಸಿ

ನಗಬೇಡಿರಿ. ಮುದುಕನಿಗೆ ನೆನಪು ಕಲಸಿಹೋಗಿದೆ ಎನ್ನುವವರು ಎದ್ದು ಆಚೆ ಹೋಗಿರಿ. ಇದು ನಾನು ಕಂಡದ್ದಲ್ಲ, ಹೆತ್ತವ್ವನ ಬಾಯಿಂದ ಕೇಳಿದ್ದು. ಅದನ್ನು ಹೇಗೆ ಮರೆಯಲಿ?

ನಿಜಾಮರ ಕಾಲ. ನನ್ನವ್ವ ದುಂಡಮ್ಮ ಕಮಲಾಪುರದಲ್ಲಿ ಇನ್ನೂ ಸೀರೆಗೆ ಬಾರದ, ಪರಕಾರ ಉಡುವ ಹುಡುಗಿ. ಮುಂದಿನ ಹಲ್ಲೊಂದು ಹುಳುಕಾಗಿ ಕರ್ರಗಾಗಿತ್ತು. ಉಣ್ಣುವಾಗ ಜೀವ ಹೋಗುತ್ತಿತ್ತು. ಆದರೂ ಅವಳ ತಾಯಿ ಅಂಬಮ್ಮ ಹಲ್ಲು ಕೀಳುವವನ ಹತ್ತಿರ ಒಯ್ಯಲಿಲ್ಲ. ಊರಿಗೆ ಗೊತ್ತಾದರೆ ವರ ಸಿಗುವುದಿಲ್ಲವೆಂಬ ಹೆದರಿಕೆ.

"ಬಾಯಿ ಮುಚ್ಚು. ನಕ್ಕರ ಕಪಾಳಕ್ಕ ಹೊಡೀತೀನಿ." ಅದೇ ಮದ್ದು.

ಕಲಬುರ್ಗಿಯಿಂದ ಹೆಣ್ಣು ನೋಡಲು ಬರುವ ದಿನ ದುಂಡಮ್ಮ ಪಕ್ಕದ ಮನೆಗೆ ಹೋದಳು. ಆಗ ಮದುವೆಯಾದ ಹೆಂಗಸರು ಹಲ್ಲಿಗೆ ಮಿಸ್ಸಿ ಎಂಬ ಕರಿಪುಡಿ ಹಚ್ಚುತ್ತಿದ್ದರು. ತಾಳಿಯಷ್ಟೇ ಗಟ್ಟಿ ಗುರುತು ಅದು. ಆ ಮನೆಯ ಹೊಸ ಮದುಮಗಳು ನಜ್ಮಾ ಕರಿ ಹಲ್ಲು ಬಿಟ್ಟು ಹಾಯಾಗಿ ನಗುತ್ತಿದ್ದಳು. ಎಲ್ಲ ಹಲ್ಲೂ ಕರ್ರಗಾದರೆ ಒಂದನ್ನು ಯಾರು ನೋಡುತ್ತಾರೆ? ಹುಡುಗಿ ಅವಳ ಡಬ್ಬಿಯಿಂದ ಚಿಟಿಕೆ ಮಿಸ್ಸಿ ತಂದು ಗಸಗಸ ತಿಕ್ಕಿಕೊಂಡಳು.

ಬಂದವರು ಕಂಬಳಿಯ ಮೇಲೆ ಕೂತರು. ಅಂಬಮ್ಮ ಕೆಂಪು ಬಾಳೆಹಣ್ಣು ಇಟ್ಟಳು. ವರನ ತಾಯಿ ಶಿವಕಾಂತಮ್ಮ ಹುಡುಗಿಯ ಹೆಸರು ಕೇಳಿದಳು. ಹುಡುಗಿ ಬಾಯಿ ತೆರೆದಳು.

"ಯವ್ವಾ! ಮದಿವಿ ಆದಾಕೀನ ಮತ್ತ ತೋರಸಾಕತ್ತೀರೇನ್ರಿ?"

"ಇಲ್ರಿ ಅಕ್ಕಾ, ಆಕೀಗಿ ಯಾವ ಮದಿವಿ..."

"ಮತ್ತ ಮಿಸ್ಸಿ ಯಾಂವ ಹಚ್ಯಾನ? ನಮಗೇನ ಕಣ್ಣ ಇಲ್ಲೇನ?"

ಅಂಬಮ್ಮನಿಗೆ ದಾರಿ ಉಳಿಯಲಿಲ್ಲ. ಸೆರಗಿನಿಂದ ಮಗಳ ಹಲ್ಲು ಒರೆಸಿ, ಸಂತೆಯಲ್ಲಿ ಎತ್ತಿನ ಬಾಯಿ ತೋರಿಸಿದಂತೆ ತುಟಿ ಎತ್ತಿ ಹಿಡಿದಳು.

"ನೋಡ್ರಿ, ಹಲ್ಲ ಹುಳಾ ತಿಂದದ. ಅದನ್ನ ಮುಚ್ಚಾಕ ಹಚ್ಗೊಂಡಾಳ."

ಬಂದವರು ಹಣ್ಣು ಮುಟ್ಟದೆ ಎದ್ದರು.

ಇನ್ನು ಮುಚ್ಚುವುದೇನಿತ್ತು? ಮರುದಿನವೇ ಅಂಬಮ್ಮ ಬಂಡಿ ಕಟ್ಟಿಸಿ ಮಗಳನ್ನು ಕಲಬುರ್ಗಿಗೆ ಒಯ್ದಳು. ಹಲ್ಲು ಕೀಳುವ ಗುಲಾಮ್ ರಸೂಲ್ ಇಕ್ಕಳ ಹಿಡಿದು, "ಬಾಯಿ ತೆಗಿ ಬೇಟಿ" ಎಂದ. ತೆರೆಯಲಿಲ್ಲ. ಬೆಲ್ಲ ತೋರಿಸಿದ. ಆಗಲೂ ಇಲ್ಲ.

"ಇಕ್ಕಳಕ್ಕ ಹೆದರತೀ ಏನ?" ಎಂದು ಕೇಳಿದ.

ಇಲ್ಲವೆಂದು ತಲೆ ಅಲ್ಲಾಡಿಸಿದಳು. ಬಾಯಿಗೆ ಅಡ್ಡ ಹಿಡಿದ ಅಂಗೈ ತೆಗೆಯದೆಯೇ ಹೇಳಿದಳು: "ಅವ್ವಾ, ನೀ ಆ ಕಡಿ ಮಾರಿ ಮಾಡು."

ಅಂಬಮ್ಮ ಗೋಡೆಯ ಕಡೆ ತಿರುಗಿದಳು. ಮಗಳು ಚೀರಿದಾಗಲೂ ಈ ಕಡೆ ತಿರುಗಲು ಅವಳಿಗೆ ಮುಖವಿರಲಿಲ್ಲ.

ನನ್ನವ್ವ ಸಾಯುವ ತನಕ ಸೆರಗು ಬಾಯಿಗಿಟ್ಟುಕೊಂಡೇ ನಕ್ಕಳು. ಹುಳುಕು ಹಲ್ಲಿನ ಕೂಸಿಗೆ "ಬಾಯಿ ಮುಚ್ಚು" ಎನ್ನುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಇದನ್ನು ಅವರಿಗೆ ಕೇಳಿಸಿರಿ.