ಕೆಂಪು ಮುಚ್ಚಳದ ಡಬ್ಬಿ

ಮಾವ ಘಾಟಿ ಆಸಾಮಿ. ಸತ್ತ ಕಿರಿಮಗನ ಕುಲುಮೆ ಜಾಗ ಅವನ ಹೆಂಡತಿಗೇ ಎಂದು ತನ್ನ ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದ. ಅವನು ಹೆದರುತ್ತಿದ್ದುದು ಜಗತ್ತಿನಲ್ಲಿ ಆ ಅಕ್ಕ ಒಬ್ಬಳಿಗೇ. ಮಾತು ತಪ್ಪುವ ಹಾಗಿಲ್ಲ, ಜಾಗ ಕೊಡುವ ಮನಸ್ಸೂ ಇಲ್ಲ. ಅದಕ್ಕೇ ಪರೀಕ್ಷೆ ಇಟ್ಟ.

"ಈ ಬೆಳ್ಳಿ ತಗಡಿನ ಮೇಲೆ ತಂತೀಲಿ ನವಿಲು ಕೂರಿಸು. ಬಣ್ಣದ ಗಾಜಿನ ಪುಡಿ ತುಂಬಿ ಸುಡು. ತಂತಿ ನಿಂತ್ರೆ ಜಾಗ ನಿಂದು, ಬಿದ್ರೆ ಗಂಟುಮೂಟೆ ಕಟ್ಟು," ಎಂದು ಸೊಸೆಯ ಕೈಗೆ ಪೊಟ್ಟಣ ಇಟ್ಟ. "ಬೆಸುಗೆ ಚೂರು. ಕೆಂಪು ಮುಚ್ಚಳದ್ದು."

ಕೆಂಪು ಮುಚ್ಚಳದ ಡಬ್ಬಿಯಲ್ಲಿ ಗಟ್ಟಿ ಬೆಸುಗೆ, ಕುಲುಮೆಗೆ ಜಗ್ಗುವುದಿಲ್ಲ. ನೀಲಿಯದರಲ್ಲಿ ಮೆದು ಬೆಸುಗೆ, ರಿಪೇರಿಗೆ ಮಾತ್ರ. ಅದನ್ನು ಹಾಕಿ ಕುಲುಮೆಗಿಟ್ಟರೆ ತಂತಿಯೆಲ್ಲ ಅಡ್ಡ ಮಲಗುತ್ತದೆ. ಎರಡೂ ಸಾಸಿವೆ ಗಾತ್ರದ ಬಿಳಿ ಚೂರುಗಳೇ, ನೋಡಿದರೆ ಗೊತ್ತಾಗುವುದಿಲ್ಲ.

ಅವಳು ಒಂದು ಚೂರನ್ನು ಹಳೇ ತಗಡಿನ ಮೇಲಿಟ್ಟು ಬೆಂಕಿ ಊದಿದಳು. ತಗಡು ಕೆಂಪಾಗುವ ಮೊದಲೇ ಚೂರು ನೀರಾಗಿ ಹರಿಯಿತು. ಥೂ, ಮುದುಕ ನೀಲಿ ಡಬ್ಬಿಯದನ್ನು ಕೊಟ್ಟಿದ್ದಾನೆ! ಆದರೆ ಸೊಸೆಯ ಮಾತು ನಂಬುವವರು ಯಾರು? ಪೊಟ್ಟಣ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಳ್ಳಿ ತಗಡಿಗೆ ಬಣ್ಣವಿಲ್ಲದ ಗಾಜಿನ ಪುಡಿಯನ್ನು ತೆಳ್ಳಗೆ ಹರಡಿ ಸುಟ್ಟಳು. ಅದರ ಮೇಲೆ ತಂತಿ ನಿಲ್ಲಿಸಿ ಮತ್ತೆ ಸುಟ್ಟಳು. ಕರಗಿದ ಗಾಜು ತಂತಿಯ ಬುಡ ಹಿಡಿದುಕೊಂಡಿತು. ಗಂಡ ಕಲಿಸಿಕೊಟ್ಟ ಉಪಾಯ ಅದು.

ಬಣ್ಣ ತುಂಬಿ ಸುಟ್ಟ ಮೇಲೂ ನವಿಲು ಒಂದು ಗರಿ ಅಲ್ಲಾಡದೆ ಹೊರಬಂತು. ಮುದುಕನ ಅಕ್ಕ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಮುದುಕನ ಮುಖ ಹುಳ್ಳಗಾಯಿತು. ಭೂತಗನ್ನಡಿ ಹಿಡಿದು ತಂತಿಯ ಬುಡ ನೋಡಿದ.

"ಬೆಸುಗೆ ಎಲ್ಲೇ?"

"ಹಾಕಿಲ್ಲ ಮಾವ. ಗಾಜಲ್ಲೇ ನಿಲ್ಲಿಸಿದೀನಿ."

"ಕೇಳಿದ್ಯಾ ಅಕ್ಕ? ನಮ್ಮನೇಲಿ ಬೆಸುಗೆ ಇಲ್ದೆ ಕೆಲಸ ಮಾಡಿದ್ದುಂಟಾ?"

"ತಂತಿ ನಿಂತಿದೆಯಲ್ಲ ಮಾವ!"

"ನಿಂತ್ರೆ ನಿಂತ್ಕೊಳ್ಳಿ. ನೀನು ನಡಿ."

ಅಕ್ಕ ಬಾಯಿ ಒರೆಸಿಕೊಂಡು, "ಮನೆ ಪದ್ಧತಿ ಅಂದ್ಮೇಲೆ ಪದ್ಧತಿನೇಮ್ಮ," ಎಂದಳು. ಸೊಸೆಗೆ ಅಳು ಒತ್ತರಿಸಿ ಬಂತು. ಕುಲುಮೆ ಮುಂದಿನ ಗಂಡನ ಆ ಮಣೆ ಬಿಟ್ಟರೆ ಅವಳಿಗೆ ಇನ್ನೆಲ್ಲೂ ಜಾಗವಿರಲಿಲ್ಲ.

ಮೂಲೆಯಲ್ಲಿ ಕೂತಿದ್ದ ಭಾವ, ಮುದುಕನ ಹಿರಿಮಗ, ಕಿಸಕ್ಕೆಂದ. ಅವನ ಮುಂದೆ ತಂತಿ ಬಗ್ಗಿಸಿಟ್ಟ, ಗಿರಾಕಿಯ ಮದುವೆ ಹಾರದ ಬಿಲ್ಲೆಗಳು ಬೆಸುಗೆಗೂ ಬಣ್ಣಕ್ಕೂ ಕಾದಿದ್ದವು. "ಆ ಬೆಸುಗೆ ಚೂರು ಹೊತ್ಕೊಂಡು ಹೋಗ್ಬಿಟ್ಟೀಯ, ವಾಪಸ್ ಹಾಕು."

ಅವಳು ಕಣ್ಣೊರೆಸಿಕೊಂಡು ಪೊಟ್ಟಣ ತೆಗೆದಳು. ಮುದುಕನನ್ನೇ ನೆಟ್ಟಗೆ ನೋಡಿದಳು.

"ಕೆಂಪು ಮುಚ್ಚಳದ್ದು ಅಂದಿದ್ರಿ. ಆ ಡಬ್ಬಿಗೇ ಹಾಕ್ಲಾ ಮಾವ?"

ಮುದುಕ ಅಕ್ಕನ ಕಡೆ ನೋಡಿದ. ಗಂಟಲು ಕೆರೆದುಕೊಂಡ.

"ಹೂಂ," ಎಂದ.

ಕೆಂಪು ಮುಚ್ಚಳದ ಡಬ್ಬಿಯಲ್ಲಿ ಗಟ್ಟಿ ಬೆಸುಗೆ ಉಳಿದಿದ್ದು ತಳ ಮುಚ್ಚುವಷ್ಟು. ಅವಳು ಪೊಟ್ಟಣ ಸುರಿದು, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿದಳು. ಭಾವ ಡಬ್ಬಿ ಕಿತ್ತುಕೊಂಡು ಬಿಲ್ಲೆಗಳಿಗೆ ಬೆಸುಗೆ ಹಾಕತೊಡಗಿದ. ಚೂರು ಎಷ್ಟು ಕಾವಿಗೆ ಕರಗಿತೆಂದು ನೋಡುವ ತಾಳ್ಮೆ ಅವನಿಗೆ ಯಾವತ್ತೂ ಇರಲಿಲ್ಲ. ಮುದುಕ ಬಾಯಿ ತೆರೆದ, ಅಕ್ಕನನ್ನು ನೋಡಿದ, ಮುಚ್ಚಿಕೊಂಡ.

ಅವಳು ಒಳಗೆ ಹೋಗಿ ಸೀರೆಗಳನ್ನು ಒಂದೊಂದಾಗಿ ಮಡಚತೊಡಗಿದಳು. ಅವಸರವೇನೂ ಮಾಡಲಿಲ್ಲ. ಹಾರ ಕುಲುಮೆಯಿಂದ ಹೊರಬಂದಾಗ ಭಾವ ಕಿರುಚುವುದನ್ನು ಕಿವಿಯಾರೆ ಕೇಳಿಯೇ ಹೋಗಬೇಕಿತ್ತು ಅವಳಿಗೆ.