ಒಬ್ಬರು ಬಿಟ್ಟು ಒಬ್ಬರು

"ನೀವು ಯಾವ ಕಡೆಯವರು ಸಾರ್?" ದರ್ಜಿ ಕೇಳಿದ. ಅಳತೆ ಟೇಪು ಕೊರಳಲ್ಲೇ ಇತ್ತು. ಮಾನವ ಸರಪಳಿಗೆ ಜನರನ್ನು ಜೋಡಿಸುವ ಕೆಲಸ ಅವನದು.

ಉಪನ್ಯಾಸಕನಿಗೆ ನಗು ಬಂತು. ಆಸ್ಪತ್ರೆ ಮುಚ್ಚಬಾರದೆಂಬ ಕರಪತ್ರ ಬರೆದವನೇ ಅವನು. ಎಣ್ಣೆ ಸೀಗೇಕಾಯಿಯಂತಿದ್ದ ಎರಡು ಧರ್ಮದವರೂ ಬಂದಿದ್ದರು. ಹತ್ತು ವರ್ಷದಿಂದ ಒಬ್ಬರ ಅಂಗಡಿಯಲ್ಲಿ ಇನ್ನೊಬ್ಬರು ಸೂಜಿಯನ್ನೂ ಕೊಂಡವರಲ್ಲ. ಒಗ್ಗಟ್ಟು ಫೋಟೋದಲ್ಲಿ ಎದ್ದು ಕಾಣಲಿ ಎಂದು ಸಮಿತಿ ನಿಯಮ ಮಾಡಿತ್ತು: ಈ ಕಡೆಯವರೊಬ್ಬರು, ಆ ಕಡೆಯವರೊಬ್ಬರು. ಎಲ್ಲೂ ತಪ್ಪಬಾರದು.

"ಅಪ್ಪ ಈ ಕಡೆ, ಅಮ್ಮ ಆ ಕಡೆ."

"ಅದು ಊರಿಗೇ ಗೊತ್ತು. ನೀವು?"

"ಎರಡೂ."

ದರ್ಜಿ ತಲೆ ಕೆರೆದುಕೊಂಡ. "ನಿಮ್ಮ ಪಕ್ಕ ಯಾರನ್ನ ನಿಲ್ಲಿಸಲಿ?"

"ಯಾರಾದ್ರೂ ಆಗತ್ತೆ."

"ನಿಮಗೆ ಆಗತ್ತೆ. ಸ್ವಲ್ಪ ಈಚೆ ನಿಂತಿರಿ. ತಪ್ಪು ತಿಳೀಬೇಡಿ."

ಈಚೆ ನಿಲ್ಲುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಅಜ್ಜಿಯರಿಬ್ಬರೂ ಅವನಿಗೆ ಬೇರೆ ತಟ್ಟೆ ಇಟ್ಟಿದ್ದರು. ದೊಡ್ಡವನಾದ ಮೇಲೆ ಅದನ್ನೇ ನಿಷ್ಪಕ್ಷಪಾತವೆಂದು ಕರೆದು ಡಾಕ್ಟರೇಟ್ ಪಡೆದ. ಇವತ್ತು ಮಾತ್ರ ಯಾರದಾದರೂ ಬೆವರುವ ಕೈ ಹಿಡಿಯಬೇಕೆಂಬ ಆಸೆ, ನಾಚಿಕೆಯಾಗುವಷ್ಟು ಇತ್ತು.

ಸರಪಳಿ ಆಸ್ಪತ್ರೆಯನ್ನು ಸುತ್ತಿ ಗೇಟಿನ ಬಳಿ ಬಂತು. ಒಬ್ಬರು ಕಡಿಮೆ. ಅಂಚೆಯವನಿಗೂ ದಾದಿಗೂ ನಡುವೆ ಒಂದು ಆಳಿನಷ್ಟು ಜಾಗ. ಇಬ್ಬರೂ ಆ ಕಡೆಯವರು; ನಡುವೆ ಈ ಕಡೆಯವರೇ ಆಗಬೇಕು. ದರ್ಜಿ ಈ ಕಡೆಯವನೇ, ಆದರೆ ಅವನು ಸೀಟಿ ಊದಬೇಕು.

ಉಪನ್ಯಾಸಕ ಓಡಿದ. "ನಾನು ಈ ಕಡೆಯವನೇ! ಅಪ್ಪನ ಲೆಕ್ಕ ಹಿಡೀರಿ!"

"ಅಯ್ಯೋ, ಎಲ್ಲಾದ್ರೂ ಉಂಟೇ?" ದಾದಿ ಅಕ್ಕರೆಯಿಂದಲೇ ಅಂದಳು. "ಇವರಮ್ಮ ನಮ್ಮಮ್ಮನ ಜೊತೆ ಬೆಳೆದೋರು. ಇವರು ನಮ್ಮವರು!"

ನಲವತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬರು ಅವನನ್ನು ನಮ್ಮವರು ಎಂದಿದ್ದರು. ಅದರಿಂದಲೇ ಜಾಗ ಹೋಯಿತು.

ದರ್ಜಿ ಎದುರಿನ ತನ್ನ ಅಂಗಡಿಗೆ ನುಗ್ಗಿ, ಕೋಟು ತೊಡಿಸಿದ್ದ ಗೊಂಬೆಯನ್ನು ಹೊತ್ತು ತಂದು ನಡುವೆ ನಿಲ್ಲಿಸಿದ.

"ಇದು ಯಾವ ಕಡೆ?" ಅಂಚೆಯವನಿಗೆ ಅನುಮಾನ.

"ಅಂಗಡಿ ನಮ್ಮದಲ್ವಾ?"

ಯಾರೂ ತಕರಾರು ಮಾಡಲಿಲ್ಲ. ದಾದಿ ಒಂದು ಕೈ ಹಿಡಿದಳು, ಅಂಚೆಯವನು ಇನ್ನೊಂದು. ಉಪನ್ಯಾಸಕನಿಗೆ ಗೊಂಬೆಯ ಮೇಲೆ ಹೊಟ್ಟೆಕಿಚ್ಚಾಯಿತು.

ದರ್ಜಿ ಸೀಟಿ ಊದಿದ. "ನಾವೆಲ್ಲಾ ಒಂದೇ!" ಕೈಗಳು ಒಟ್ಟಿಗೆ ಮೇಲೆದ್ದವು. ಗೊಂಬೆಯ ತೋಳು ಭುಜದಿಂದ ಕಳಚಿ ಅಂಚೆಯವನ ಹಿಡಿತದಲ್ಲೇ ಮೇಲೆ ಹೋಯಿತು. ಅವನು ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಆ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಕೂಗುತ್ತಲೇ ಇದ್ದ.